ಅಟ್ಟದ ಮೇಲಿನ ಜೇನುಪೆಟ್ಟಿಗೆ ಮತ್ತೆ ಕೆಳಗಿಳಿಸುವ ಮುನ್ನ

ಸುಳ್ಯ, ಪುತ್ತೂರು ಕಡೆಯ ಹಳೆಯ ಮನೆಗಳ ಅಟ್ಟ ಹತ್ತಿ ನೋಡಿದರೆ ಇವತ್ತಿಗೂ ಒಂದೆರಡು ಖಾಲಿ ಜೇನುಪೆಟ್ಟಿಗೆ ಸಿಗುತ್ತವೆ. ಅವುಗಳಲ್ಲಿ ಎಷ್ಟೋ ಪೆಟ್ಟಿಗೆಗಳು 1991-92ರಿಂದ ಅಲ್ಲಿಯೇ ಇವೆ. ಆಗ ಥಾಯ್ ಸ್ಯಾಕ್‌ಬ್ರೂಡ್ ಎಂಬ ವೈರಸ್ ರೋಗ ದಕ್ಷಿಣ ಭಾರತದ ತುಡುವೆ ಜೇನಿಗೆ (ಪೆಟ್ಟಿಗೆಯಲ್ಲಿ ಸಾಕುವ ನಮ್ಮ ನಾಡಿನ ಜೇನು) ಬಡಿಯಿತು. ಸಾಕಿದ ಜೇನು ಕುಟುಂಬಗಳಲ್ಲಿ ಶೇಕಡಾ 90ರಷ್ಟು ನಾಶವಾದವು ಎಂಬ ಅಂದಾಜಿದೆ. ನಮ್ಮ ಮನೆಯಲ್ಲಿ 22 ಪೆಟ್ಟಿಗೆ ಇದ್ದವು. ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಎಲ್ಲವೂ ಖಾಲಿ. ಅಪ್ಪ ಒಂದೊಂದನ್ನೇ ತೊಳೆದು, ಒಣಗಿಸಿ, ಅಟ್ಟಕ್ಕೆ ಏರಿಸಿದರು. ನಾನು ಅವುಗಳನ್ನು ಮತ್ತೆ ಕೆಳಗಿಳಿಸಿದ್ದು 2011ರಲ್ಲಿ.

ಆಮೇಲೆ ನನ್ನ ಹಾಗೆಯೇ ಜೇನಿಗೆ ಮರಳಿ ಬಂದ ಹಲವರನ್ನು ನೋಡಿದ್ದೇನೆ. ನಿವೃತ್ತರಾಗಿ ಊರಿಗೆ ಬಂದವರು, ಅಣ್ಣ-ತಮ್ಮಂದಿರು ಪಾಲಾದ ಮೇಲೆ ತೋಟ ನೋಡಿಕೊಳ್ಳಲು ನಿಂತವರು, ಮಕ್ಕಳು ದೊಡ್ಡವರಾದ ಮೇಲೆ ಸ್ವಲ್ಪ ಬಿಡುವು ಸಿಕ್ಕವರು. ಮೊದಲ ವರ್ಷ ಹೊಸಬರಿಗಿಂತ ಇವರಿಗೇ ಜಾಸ್ತಿ ನಷ್ಟ ಆಗುವುದನ್ನು ಕಂಡಿದ್ದೇನೆ. ಹೊಸಬರು ಪ್ರತಿಯೊಂದನ್ನೂ ಕೇಳಿ ಮಾಡುತ್ತಾರೆ. ಹಳಬರ ಕೈಗೆ ಎಲ್ಲ ನೆನಪಿರುತ್ತದೆ. ಎರಿ (ನೊಣ ಕಟ್ಟಿದ ಮೇಣದ ಗೂಡು) ಎತ್ತುವ ರೀತಿ, ಹೊಗೆ ಕೊಡುವ ಅಳತೆ, ಜೇನುನೊಣದ ಸದ್ದು ಬದಲಾದರೆ ಹಿಂದೆ ಸರಿಯುವುದು, ಯಾವುದೂ ಮರೆತಿರುವುದಿಲ್ಲ. ಆದರೆ ಅವರ ನೆನಪಿನಲ್ಲಿರುವ ತೋಟ ಈಗ ಇಲ್ಲ. ಗುಡ್ಡದ ಮರ ಹೋಗಿ ರಬ್ಬರ್ ಬಂದಿದೆ. ಗದ್ದೆ ಹೋಗಿ ಅಡಿಕೆ ಬಂದಿದೆ. ಪಕ್ಕದ ತೋಟದಲ್ಲಿ ಸಿಂಪಡಿಸುವ ಔಷಧಿ ಬೇರೆ. ನಿಮ್ಮ ದೇಹವೂ ಮೊದಲಿನ ಹಾಗಿಲ್ಲ.

ಹಾಗಾಗಿ ಜೇನು ಸಾಕುವುದು ಹೇಗೆ ಅಂತ ಅ ಆ ಇ ಈ ಇಂದ ಹೇಳಲು ಹೋಗುವುದಿಲ್ಲ. ಮೊದಲ ಒಂದು ವರ್ಷ ಯಾವಾಗ ಏನು ಮಾಡಬೇಕು, ಹಳೆಯ ನೆನಪನ್ನು ಎಲ್ಲಿ ನಂಬಬಹುದು, ಎಲ್ಲಿ ನಂಬಬಾರದು ಎಂಬುದನ್ನಷ್ಟೇ ಹೇಳುತ್ತೇನೆ. ಇದು ಕರಾವಳಿ ಮತ್ತು ಘಟ್ಟದ ಬುಡದ ತುಡುವೆ ಜೇನಿನ ಲೆಕ್ಕ. ಘಟ್ಟದ ಮೇಲಿನವರು, ಕೊಡಗಿನವರು ತಿಂಗಳುಗಳನ್ನು ಸ್ವಲ್ಪ ಹಿಂದೆ ಮುಂದೆ ಮಾಡಿಕೊಳ್ಳಬೇಕು.

ಮೊದಲು ಸುಮ್ನೆ ನಡೆಯಿರಿ

ಪೆಟ್ಟಿಗೆಗೆ ಕೈ ಹಾಕುವ ಮೊದಲು ಒಂದು ನೋಟ್‌ಬುಕ್ ತೆಗೆದುಕೊಳ್ಳಿ. ತುಡುವೆ ನೊಣ ಮೇವಿಗೆ ಹೆಚ್ಚೆಂದರೆ ಒಂದು, ಒಂದೂವರೆ ಕಿಲೋಮೀಟರ್ ಹೋಗುತ್ತದೆ. ಅಷ್ಟು ಸುತ್ತಳತೆಯಲ್ಲಿ ಈಗ ಏನಿದೆ ಅಂತ ನಡೆದು ನೋಡಿ. ಬೈಕಿನಲ್ಲಿ ಹೋದರೆ ಕಾಣುವುದಿಲ್ಲ.

ಬರೆದುಕೊಳ್ಳಬೇಕಾದ್ದು ಮೂರು ವಿಷಯ. ಯಾವ ಮರ, ಯಾವ ಗಿಡ ಇದೆ? ಅದು ಯಾವ ತಿಂಗಳು ಹೂ ಬಿಡುತ್ತದೆ? ಅದರಿಂದ ಸಿಗುವುದು ಮಕರಂದವೋ ಪರಾಗವೋ? ತೆಂಗು ವರ್ಷವಿಡೀ ಅಷ್ಟಿಷ್ಟು ಕೊಡುತ್ತದೆ. ಅಡಿಕೆ ಸಿಂಗಾರದಿಂದ ಪರಾಗ ಧಾರಾಳ. ಮಳೆ ಮುಗಿಯುವ ಹೊತ್ತಿಗೆ ಗುಡ್ಡೆಯಲ್ಲಿ ಹರಡಿರುವ ಮುಟ್ಟಿದರೆ ಮುನಿ ಕಳೆ ಅಂತ ಅನಿಸಬಹುದು, ಆದರೆ ಮರಿಗಳಿಗೆ ಬೇಕಾದ ಪರಾಗ ಆ ಸಮಯದಲ್ಲಿ ಅದರಿಂದಲೇ ಬರುತ್ತದೆ. ನೇರಳೆ, ಅಂಟುವಾಳ ಎಷ್ಟು ಮರ ಉಳಿದಿವೆ ಎಂದು ಎಣಿಸಿ. ಘಟ್ಟದ ಅಂಚಿನಲ್ಲಿರುವವರು ಗುರಗಿಯನ್ನು ಪ್ರತಿ ವರ್ಷದ ಲೆಕ್ಕಕ್ಕೆ ಸೇರಿಸಬೇಡಿ. ಅದು ಕೆಲವು ವರ್ಷಗಳಿಗೊಮ್ಮೆ ಒಟ್ಟಿಗೆ ಹೂ ಬಿಡುವ ಗಿಡ.

ರಬ್ಬರ್ ಬಗ್ಗೆ ಎರಡು ಮಾತು ಜಾಸ್ತಿ ಹೇಳಬೇಕು. ಹಿಂದೆ ನಮ್ಮಲ್ಲಿ ಅದು ಇಷ್ಟು ಇರಲಿಲ್ಲ. ಎಲೆ ಉದುರಿ ಜನವರಿ ಕೊನೆಗೆ ಹೊಸ ಚಿಗುರು ಬರುತ್ತದಲ್ಲಾ, ಆಗ ಎಲೆತೊಟ್ಟಿನ ತುದಿಯ ಗ್ರಂಥಿಗಳಿಂದ ಸಿಹಿರಸ ಒಸರುತ್ತದೆ. ಹೂವಿನಿಂದ ಬರುವ ರಸ ಅಲ್ಲ ಅದು. ಫೆಬ್ರವರಿ, ಮಾರ್ಚಿನಲ್ಲಿ ಪೆಟ್ಟಿಗೆ ತುಂಬುವುದು ಇದರಿಂದಲೇ. ಆದರೆ ರಬ್ಬರ್ ತೋಟ ನೊಣಕ್ಕೆ ಪರಾಗ ಕೊಡುವುದಿಲ್ಲ ಎನ್ನಬಹುದು, ವರ್ಷದ ಉಳಿದ ತಿಂಗಳು ಅಲ್ಲಿ ತಿನ್ನಲು ಏನೂ ಇಲ್ಲ. ಸುತ್ತ ಬರೀ ರಬ್ಬರ್ ಇದ್ದರೆ ಅಲ್ಲಿ ಪೆಟ್ಟಿಗೆಯನ್ನು ಕಾಯಂ ಆಗಿ ಇಡಬೇಡಿ. ಸೀಸನ್ನಿಗೆ ಒಯ್ದು ವಾಪಸ್ ತನ್ನಿ.

ಹೀಗೆ ನಡೆಯುವಾಗಲೇ ನೆರೆಹೊರೆಯವರನ್ನು ಮಾತನಾಡಿಸಿ. ಗೇರು ತೋಟ ಇದ್ದರೆ ಹೂ ಬರುವ ಹೊತ್ತಿಗೆ ಟೀ ಸೊಳ್ಳೆ ಎಂಬ ಕೀಟಕ್ಕೆ ಏನು ಹೊಡೆಯುತ್ತಾರೆ, ಯಾವ ಹೊತ್ತಿನಲ್ಲಿ ಹೊಡೆಯುತ್ತಾರೆ ಎಂದು ಕೇಳಿ. "ಸಂಜೆ ಮೇಲೆ ಹೊಡೆಯುತ್ತೀರಾ? ಹಿಂದಿನ ದಿನ ನನಗೊಂದು ಫೋನ್ ಮಾಡುತ್ತೀರಾ?" ಎಂದು ಕೇಳಿದರೆ ಬೇಡ ಅನ್ನುವವರು ಕಡಿಮೆ. ಜಗಳ ಆದ ಮೇಲೆ ಕೇಳುವುದಕ್ಕಿಂತ ಪೆಟ್ಟಿಗೆ ತರುವ ಮೊದಲೇ ಕೇಳುವುದು ಒಳ್ಳೆಯದು ಅಲ್ವಾ?

ಹಳೆಯ ಪೆಟ್ಟಿಗೆಯಲ್ಲಿ ಏನು ಉಳಿಸಬಹುದು

ಮರ ಗಟ್ಟಿ ಇದ್ದರೆ ಪೆಟ್ಟಿಗೆ ಬಳಸಬಹುದು. ಎರಿ ಮಾತ್ರ ಒಂದನ್ನೂ ಉಳಿಸಬೇಡಿ. ಎಷ್ಟೇ ಚೆನ್ನಾಗಿ ಕಂಡರೂ ಹಳೆಯ ಕಪ್ಪು ಎರಿಯನ್ನು ಸುಟ್ಟುಬಿಡಿ. ಅದರಲ್ಲಿ ಮೇಣದ ಹುಳುವಿನ ಮೊಟ್ಟೆ ಇರಬಹುದು, ರೋಗವೂ ಇರಬಹುದು.

ಪೆಟ್ಟಿಗೆಯ ಒಳಭಾಗ ಕೆರೆದು, ಕುದಿಯುವ ನೀರಿಗೆ ವಾಷಿಂಗ್ ಸೋಡಾ ಹಾಕಿ ಉಜ್ಜಿ ತೊಳೆಯಿರಿ. ನಾಲ್ಕು ದಿನ ಬಿಸಿಲಿಗೆ ಇಡಿ. ಆಮೇಲೆ ಬ್ಲೋ ಲ್ಯಾಂಪ್ ಹಿಡಿದು ಮೂಲೆ, ಸಂದು, ಅಡಿಮಣೆ ಎಲ್ಲವನ್ನೂ ಮರದ ಬಣ್ಣ ತುಸು ಕಂದು ಆಗುವವರೆಗೆ ಸುಡಿ. ಬ್ಲೋ ಲ್ಯಾಂಪ್ ಇಲ್ಲದಿದ್ದರೆ ಒಣ ತೆಂಗಿನ ಗರಿಯ ಸೂಡಿ ಸಾಕು.

ಪೆಟ್ಟಿಗೆ ಇಟ್ಟಿದ್ದ ಕೋಣೆಯಲ್ಲಿ ಕೀಟನಾಶಕದ ಡಬ್ಬಗಳೂ ಇದ್ದವಾ ಎಂದು ನೆನಪು ಮಾಡಿಕೊಳ್ಳಿ. ಮರ ಆ ವಾಸನೆ ಹೀರಿಕೊಂಡಿದ್ದರೆ ಆ ಪೆಟ್ಟಿಗೆ ಬೇಡವೇ ಬೇಡ. ತೊಳೆದರೆ ಹೋಗುವುದಿಲ್ಲ.

ಇನ್ನು ಅಳತೆ. ನಮ್ಮ ಹಳೆಯ ಪೆಟ್ಟಿಗೆಗಳು ಹೆಚ್ಚಿನವು ನ್ಯೂಟನ್ ಪೆಟ್ಟಿಗೆ. ತಿರುಚಿರಾಪಳ್ಳಿಯಲ್ಲಿದ್ದ ಪಾದ್ರಿ ನ್ಯೂಟನ್ ಅವರು ಇಪ್ಪತ್ತನೇ ಶತಮಾನದ ಆರಂಭದಲ್ಲಿ ತುಡುವೆಗೆಂದೇ ರೂಪಿಸಿದ್ದು, ಸಂಸಾರ ಕೋಣೆಗೆ (ಮರಿ ಬೆಳೆಯುವ ಕೆಳಗಿನ ಕೋಣೆ) ಏಳು ಚೌಕಟ್ಟು. ಈಗ ಐಎಸ್‌ಐ ಅಳತೆಯ ಪೆಟ್ಟಿಗೆಯೂ ಸಿಗುತ್ತದೆ. ಅದರ ಚೌಕಟ್ಟು ಇದರೊಳಗೆ ಕೂರುವುದಿಲ್ಲ. ಒಂದೇ ಬಡಗಿ ಮಾಡಿದ ಪೆಟ್ಟಿಗೆಗಳೇ ಒಂದಕ್ಕೊಂದು ಹೊಂದದೇ ಇರುವುದೂ ಇದೆ. ನೊಣ ಓಡಾಡುವ ಸಂದು ಸುಮಾರು 7ರಿಂದ 9 ಮಿಲಿಮೀಟರ್ ಇರಬೇಕು. ಅದಕ್ಕಿಂತ ಜಾಸ್ತಿ ಆದರೆ ನಡುವೆ ಅಡ್ಡಾದಿಡ್ಡಿ ಎರಿ ಕಟ್ಟುತ್ತವೆ. ಕಡಿಮೆ ಆದರೆ ನೊಣ ಹಿಸುಕಿ ಸಾಯುತ್ತವೆ. ಒಂದು ಅಳತೆ ಆರಿಸಿಕೊಳ್ಳಿ. ಇರುವ ಹಳೆಯ ಪೆಟ್ಟಿಗೆಗೆ ಸರಿಯಾಗಿಯೇ ಹೊಸದನ್ನೂ ಮಾಡಿಸಿ. ಮುಂದೆ ಒಂದು ಪೆಟ್ಟಿಗೆಯ ಮರಿ ಎರಿಯನ್ನು (ಮರಿಗಳಿರುವ ಎರಿ) ಇನ್ನೊಂದಕ್ಕೆ ಕೊಡಬೇಕಾಗಿ ಬಂದಾಗ ಇದು ಎಷ್ಟು ಮುಖ್ಯ ಅಂತ ಗೊತ್ತಾಗುತ್ತದೆ.

ಎರಿ ಕಟ್ಟಲು ಆಧಾರವಾಗಿ ಚೌಕಟ್ಟಿಗೆ ಹಾಕುವ ಮೇಣದ ಹಾಳೆ ಕೊಳ್ಳುವಾಗ ತುಡುವೆಯದ್ದೇ ಎಂದು ಕೇಳಿ ತೆಗೆದುಕೊಳ್ಳಿ. ಮೆಲ್ಲಿಫೆರಾ ಎಂಬ ಹೊರದೇಶದ ಜೇನಿನ ಹಾಳೆಯಲ್ಲಿ ಕಣಗಳು (ಎರಿಯ ಸಣ್ಣ ಗೂಡುಗಳು) ದೊಡ್ಡವು, ತುಡುವೆಗೆ ಹೊಂದುವುದಿಲ್ಲ.

ನಿಮ್ಮ ದೇಹ

ಇದನ್ನು ಯಾರೂ ಹೇಳುವುದಿಲ್ಲ, ಆದ್ದರಿಂದ ನಾನು ಹೇಳುತ್ತೇನೆ. ಹಿಂದೆ ದಿನಕ್ಕೆ ನಾಲ್ಕು ಕುಟುಕು ಬಿದ್ದರೂ ಏನೂ ಆಗುತ್ತಿರಲಿಲ್ಲ ಎಂಬ ಧೈರ್ಯ ಈಗ ಬೇಡ. ಪದೇ ಪದೇ ಕುಟುಕಿಸಿಕೊಳ್ಳುವವರ ದೇಹಕ್ಕೆ ಅಭ್ಯಾಸ ಇರುತ್ತದೆ. ವರ್ಷಗಟ್ಟಲೆ ಬಿಟ್ಟರೆ ಆ ಅಭ್ಯಾಸ ಹೋಗಿರುತ್ತದೆ. ನನಗೆ 2011ರಲ್ಲಿ ಬಿದ್ದ ಮೊದಲ ಕುಟುಕಿಗೆ ಮೊಣಕೈವರೆಗೆ ಊದಿ ಮೂರು ದಿನ ಇಳಿಯಲಿಲ್ಲ.

ಕುಟುಕಿದ ಜಾಗ ಊದುವುದು, ತುರಿಸುವುದು ಸಹಜ. ಮೈಯೆಲ್ಲ ದದ್ದು ಎದ್ದರೆ, ಉಸಿರು ಕಟ್ಟಿದರೆ, ನಾಲಿಗೆ ಅಥವಾ ಗಂಟಲು ಊದಿದ ಹಾಗಾದರೆ, ತಲೆ ತಿರುಗಿದರೆ ಒಂದು ನಿಮಿಷವೂ ಕಾಯದೆ ಆಸ್ಪತ್ರೆಗೆ ಹೋಗಬೇಕು. ಸುಣ್ಣ, ಅರಿಸಿನ ಹಚ್ಚುತ್ತಾ ಕೂರುವ ಹೊತ್ತಲ್ಲ ಅದು. ಬಿಪಿಗೋ ಹೃದಯಕ್ಕೋ ಮಾತ್ರೆ ತೆಗೆದುಕೊಳ್ಳುವವರು ಮೊದಲೇ ವೈದ್ಯರಲ್ಲಿ ಹೇಳಿ. ಕೆಲವು ಬಗೆಯ ಮಾತ್ರೆಗಳು ಅಲರ್ಜಿಗೆ ಕೊಡುವ ಇಂಜೆಕ್ಷನ್ ಸರಿಯಾಗಿ ಕೆಲಸ ಮಾಡದಂತೆ ತಡೆಯುತ್ತವೆ.

ಮೊದಲ ವರ್ಷ ಮುಖಪರದೆ ಇಲ್ಲದೆ ಪೆಟ್ಟಿಗೆ ಬಿಚ್ಚಬೇಡಿ, ಒಬ್ಬರೇ ಇದ್ದಾಗಲೂ ಬಿಚ್ಚಬೇಡಿ. ಕನ್ನಡಕ ಹಾಕಿಕೊಳ್ಳಿ. ನಲವತ್ತೈದು ದಾಟಿದವರಿಗೆ ಕನ್ನಡಕ ಇಲ್ಲದೆ ಎರಿಯ ಕಣದ ತಳದಲ್ಲಿರುವ ಮೊಟ್ಟೆ ಕಾಣುವುದಿಲ್ಲ. ಮೊಟ್ಟೆ ಕಾಣಲಿಲ್ಲ ಎಂದು ರಾಣಿ ಇಲ್ಲ ಅಂತ ತೀರ್ಮಾನಿಸಿ ಕುಟುಂಬ ಹಾಳುಮಾಡಿಕೊಂಡವರಿದ್ದಾರೆ. ಬಿಸಿಲು ನಿಮ್ಮ ಬೆನ್ನ ಹಿಂದಿನಿಂದ ಹೆಗಲ ಮೇಲೆ ಹಾದು ಎರಿಗೆ ಬೀಳುವ ಹಾಗೆ ನಿಂತುಕೊಳ್ಳಿ. ಅಕ್ಕಿ ನುಚ್ಚಿಗಿಂತ ಸಣ್ಣ ಬಿಳಿ ಕಡ್ಡಿ ಕಣದ ತಳದಲ್ಲಿ ನಿಂತಿರುವುದು ಕಾಣುತ್ತದೆ.

ಅಕ್ಟೋಬರ್: ಎರಡು ಕುಟುಂಬ ತನ್ನಿ

ಒಂದು ತಂದರೆ ಹೋಲಿಸಿ ನೋಡಲು ಇನ್ನೊಂದು ಇರುವುದಿಲ್ಲ, ಕಷ್ಟಕ್ಕೆ ಮರಿ ಎರಿ ಎರವಲು ತರಲೂ ಜಾಗ ಇಲ್ಲ. ಹತ್ತು ತಂದರೆ ಹಳೆಯ ತಪ್ಪು ಹತ್ತರಲ್ಲೂ ಆಗುತ್ತದೆ. ಎರಡು ಸಾಕು.

ಸಾಧ್ಯವಾದಷ್ಟು ನಿಮ್ಮ ಊರಿನ ಹತ್ತಿರದವರಿಂದಲೇ ಕೊಳ್ಳಿ. ನಮ್ಮ ಮಳೆಯನ್ನು ದಾಟಿ ಬಂದ ಕುಟುಂಬ ಅದು. ರೋಗ ಬಂದುಹೋದ ಊರಿನಲ್ಲಿ ಉಳಿದುಕೊಂಡ ಜೇನಿನ ಸಂತತಿಗೆ ಒಂದಿಷ್ಟು ತಾಳಿಕೆ ಇರುವ ಸಾಧ್ಯತೆಯೂ ಇದೆ. ಕೊಳ್ಳುವಾಗ ಪೆಟ್ಟಿಗೆ ಬಿಚ್ಚಿಸಿಯೇ ನೋಡಿ. ನಾನು ಮೊದಲು ತಂದ ಎರಡರಲ್ಲಿ ಒಂದಕ್ಕೆ ರಾಣಿಯೇ ಇರಲಿಲ್ಲ. ಮಾರಿದವರು ಬಾಗಿಲಲ್ಲಿ ನೊಣ ಓಡಾಡುವುದನ್ನು ತೋರಿಸಿದರು, ನಾನು ಅಷ್ಟಕ್ಕೇ ಒಪ್ಪಿಕೊಂಡೆ. ಮನೆಗೆ ತಂದು ನೋಡಿದರೆ ಒಂದೊಂದು ಕಣದಲ್ಲಿ ಮೂರು ನಾಲ್ಕು ಮೊಟ್ಟೆ, ಅದೂ ಗೋಡೆಗೆ ಅಂಟಿದ ಹಾಗೆ. ರಾಣಿ ಇಲ್ಲದೆ ಕೆಲಸಗಾರ ನೊಣಗಳೇ ಮೊಟ್ಟೆ ಇಟ್ಟಿದ್ದವು. ಅದರಿಂದ ಗಂಡು ನೊಣ ಬಿಟ್ಟು ಬೇರೇನೂ ಹುಟ್ಟುವುದಿಲ್ಲ.

ನೋಡಬೇಕಾದ್ದು ಇಷ್ಟು. ನಾಲ್ಕರಿಂದ ಐದು ಎರಿ ನೊಣದಿಂದ ತುಂಬಿರಬೇಕು. ಕಣಕ್ಕೆ ಒಂದೇ ಮೊಟ್ಟೆ, ತಳದ ನಡುವೆ ಇರಬೇಕು. ಮುಚ್ಚಿದ ಮರಿ ಎರಿ ಒತ್ತಾಗಿರಬೇಕು, ಅಲ್ಲಲ್ಲಿ ಖಾಲಿ ಖಾಲಿ ಇರಬಾರದು. ಎರಿ ಹೊಸದಾಗಿ, ತಿಳಿ ಬಣ್ಣದ್ದಾಗಿದ್ದರೆ ಒಳ್ಳೆಯದು. ರಾಣಿಯನ್ನೇ ಹುಡುಕುತ್ತಾ ಅರ್ಧ ಗಂಟೆ ಪೆಟ್ಟಿಗೆ ತೆರೆದಿಡಬೇಡಿ. ಕಣಕ್ಕೊಂದರಂತೆ ಮೊಟ್ಟೆ ಕಂಡರೆ ರಾಣಿ ಮೂರು ದಿನದ ಹಿಂದಿನವರೆಗಾದರೂ ಇದ್ದಳು ಎಂದೇ ಅರ್ಥ.

ಕೊಳ್ಳುವ ಬದಲು ಹಿಡಿಯುವುದಾದರೆ ಅದೂ ಆಗುತ್ತದೆ. ಹಳೆಯ ಕೈಗಳಿಗೆ ಇದು ಖುಷಿಯ ಕೆಲಸ. ಮರದ ಪೊಟರೆ, ಹುತ್ತ, ಕಲ್ಲುಕಟ್ಟೆಯ ಸಂದಿನಿಂದ ಎರಿ ಬಿಡಿಸಿ, ಮರಿ ಇರುವ ಎರಿಯನ್ನು ಮಾತ್ರ ಚೌಕಟ್ಟಿಗೆ ಬಾಳೆಯ ನಾರಿನಿಂದ ಕಟ್ಟಿ. ಜೇನುತುಪ್ಪದ ಎರಿ ಕಟ್ಟಿದರೆ ಭಾರಕ್ಕೆ ಕಳಚಿ ಬೀಳುತ್ತದೆ, ಇರುವೆ ಕರೆಯುತ್ತದೆ. ಎರಿ ಮೊದಲು ಹೇಗೆ ನೇತಾಡುತ್ತಿತ್ತೋ ಹಾಗೆಯೇ ಮೇಲೆ ಕೆಳಗೆ ಇರಲಿ. ಮೊದಲ ವಾರ ಬಾಗಿಲಿಗೆ ರಾಣಿ ಗೇಟ್ (ಕೆಲಸಗಾರ ನೊಣ ಹಾಯುವ, ರಾಣಿ ಹಾಯಲಾಗದ ಜಾಲರಿ) ಹಾಕಿ, ನೊಣ ಪರಾಗ ಹೊತ್ತು ತರಲು ಶುರು ಮಾಡಿದ ಮೇಲೆ ತೆಗೆಯಿರಿ. ಖಾಲಿ ಪೆಟ್ಟಿಗೆಯ ಒಳಗೆ ಮೇಣ ಸವರಿ ಮರದ ಕವಲಿನಲ್ಲಿ ಇಟ್ಟರೆ ಪಾಲಾಗಿ ಹಾರುವ ಕಾಲದಲ್ಲಿ ತಾನಾಗಿ ಬಂದು ಕೂರುವುದೂ ಉಂಟು. ಬಂದರೆ ಲಾಭ, ಅದನ್ನೇ ನಂಬಿ ಕೂರಬೇಡಿ.

ಪೆಟ್ಟಿಗೆ ಸಾಗಿಸುವುದು ರಾತ್ರಿ. ಕತ್ತಲಾಗಿ ಎಲ್ಲ ನೊಣ ಒಳಗೆ ಬಂದ ಮೇಲೆ ಬಾಗಿಲಿಗೆ ಗಾಳಿ ಆಡುವ ಬಲೆ ಕಟ್ಟಿ. ನೆಲದಿಂದ ಎರಡು, ಎರಡೂವರೆ ಅಡಿ ಎತ್ತರದ ಸ್ಟ್ಯಾಂಡ್ ಮೇಲೆ ಇಡಿ. ಬೆಳಗಿನ ಬಿಸಿಲು ತಾಗಬೇಕು, ಮಧ್ಯಾಹ್ನ ನೆರಳಿರಬೇಕು. ಎರಡು ಪೆಟ್ಟಿಗೆಯ ನಡುವೆ ಏಳೆಂಟು ಅಡಿ ಬಿಡಿ. ಅಡಿಕೆ ತೋಟದೊಳಗೆ ಇಡುವಾಗ ತಲೆ ಎತ್ತಿ ನೋಡಿ. ಒಂದು ಸೋಗೆ ಬಿದ್ದರೆ ಪೆಟ್ಟಿಗೆ ಮಗುಚುತ್ತದೆ. ಸ್ಟ್ಯಾಂಡಿನ ಕಾಲುಗಳಿಗೆ ನೀರಿನ ಬಟ್ಟಲು ಇಡಿ, ಸುತ್ತಲಿನ ಹುಲ್ಲು ಕೊಂಬೆ ಪೆಟ್ಟಿಗೆಗೆ ತಾಗದ ಹಾಗೆ ಸವರಿ. ಚಗಳಿ ಇರುವೆಗೆ ಒಂದೇ ಒಂದು ಎಲೆ ತಾಗಿದರೂ ಸೇತುವೆ ಸಿಕ್ಕಿದ ಹಾಗೆ.

ವಾರಕ್ಕೊಮ್ಮೆ, ಹತ್ತು ನಿಮಿಷ

ಬಿಸಿಲಿರುವ ದಿನ ಬೆಳಿಗ್ಗೆ 9ರಿಂದ 11ರ ಒಳಗೆ ನೋಡಿ. ಹೊಗೆತಿದಿಗೆ ತೆಂಗಿನ ನಾರು, ಬಾಗಿಲಲ್ಲಿ ಎರಡು ಸಲ ಮೆಲ್ಲಗೆ ಊದಿದರೆ ಸಾಕು. ತುಡುವೆ ಜಾಸ್ತಿ ಹೊಗೆಗೆ ಗಾಬರಿಯಾಗಿ ಎರಿಯ ಮೇಲೆಲ್ಲ ಓಡುತ್ತದೆ. ಪದೇ ಪದೇ ತೊಂದರೆ ಕೊಟ್ಟರೆ ಪೆಟ್ಟಿಗೆಯನ್ನೇ ಬಿಟ್ಟು ಹೋಗುತ್ತದೆ. ಅದರ ಸ್ವಭಾವ ನಿಮಗೆ ಗೊತ್ತೇ ಇದೆ.

ಪ್ರತಿ ಸಲವೂ ಅಡಿಮಣೆ ತೆಗೆದು ಗುಡಿಸಿ. ಉದುರಿದ ಮೇಣದ ಪುಡಿಯಲ್ಲೇ ಮೇಣದ ಹುಳು ಬೆಳೆಯುವುದು. ಪೆಟ್ಟಿಗೆ ಮುಚ್ಚಿದ ಕೂಡಲೇ ಅಲ್ಲೇ ನಿಂತು ಬರೆಯಿರಿ: ದಿನಾಂಕ, ಎಷ್ಟು ಎರಿಗೆ ನೊಣ, ಮೊಟ್ಟೆ ಇದೆಯಾ, ತುಪ್ಪ ಎಷ್ಟು, ಪರಾಗದ ಬಣ್ಣ ಯಾವುದು. ಹಿಂದೆ ಅಪ್ಪ ಬರೆಯುತ್ತಿರಲಿಲ್ಲ, ನಾನೂ ಬರೆಯುತ್ತಿರಲಿಲ್ಲ. ಈಗ ಬರೆಯುವುದರಿಂದಲೇ ನನಗೆ ನಮ್ಮ ತೋಟದ ಹೊಸ ಲೆಕ್ಕ ಸಿಕ್ಕಿದ್ದು.

ಆ ರೋಗ ಈಗಲೂ ಇದೆ

ಥಾಯ್ ಸ್ಯಾಕ್‌ಬ್ರೂಡ್ ಮುಗಿದುಹೋದ ಕಥೆ ಅಂತ ಹಲವರು ತಿಳಿದಿದ್ದಾರೆ. ಹೋಗಿಲ್ಲ. ಮೊದಲಿನಷ್ಟು ಒಟ್ಟಿಗೆ ಬರುವುದಿಲ್ಲ, ಅಲ್ಲೊಂದು ಇಲ್ಲೊಂದು ಕಡೆ ಕಾಣಿಸಿಕೊಳ್ಳುತ್ತದೆ. 1992ರಲ್ಲಿ ನಮಗೆ ಅದು ಏನೆಂದೇ ಗೊತ್ತಿರಲಿಲ್ಲ. ಈಗ ಗೊತ್ತಿದೆ, ಅದೇ ದೊಡ್ಡ ವ್ಯತ್ಯಾಸ.

ಗುರುತು ಹೀಗೆ. ಮರಿ ಬೆಳೆದು ಕೋಶಕ್ಕೆ (ಪ್ಯೂಪಾ ಹಂತಕ್ಕೆ) ಹೋಗುವ ಹೊತ್ತಿಗೆ ಸಾಯುತ್ತದೆ. ಕಣದಲ್ಲಿ ಉದ್ದಕ್ಕೆ ಅಂಗಾತ ಮಲಗಿರುತ್ತದೆ, ತಲೆ ಸ್ವಲ್ಪ ಮೇಲೆ ಎತ್ತಿ ದೋಣಿಯ ಹಾಗೆ ಕಾಣುತ್ತದೆ. ಚಿಮಟದಿಂದ ಎತ್ತಿದರೆ ನೀರು ತುಂಬಿದ ಸಣ್ಣ ಚೀಲದ ಹಾಗೆ ಪೂರ್ತಿ ಮೇಲೆ ಬರುತ್ತದೆ. ಕೆಟ್ಟ ವಾಸನೆ ಇರುವುದಿಲ್ಲ. ಪೆಟ್ಟಿಗೆಯ ಬಾಗಿಲ ಮುಂದೆ ಸತ್ತ ಮರಿಗಳನ್ನು ಎಳೆದು ಹಾಕಿರುವುದು ಕಂಡರೆ ಆ ದಿನವೇ ಬಿಚ್ಚಿ ನೋಡಿ.

ಇದಕ್ಕೆ ಔಷಧಿ ಇಲ್ಲ. ವೈರಸ್‌ಗೆ ಆ್ಯಂಟಿಬಯಾಟಿಕ್ ಕೆಲಸ ಮಾಡುವುದಿಲ್ಲ. ಯಾರಾದರೂ ಪುಡಿ ಕೊಟ್ಟು ಸಕ್ಕರೆ ಪಾಕದಲ್ಲಿ ಕಲಸಿ ಕೊಡಿ ಅಂದರೆ ಕೊಡಬೇಡಿ, ಅದು ತುಪ್ಪಕ್ಕೆ ಸೇರುತ್ತದೆ ಅಷ್ಟೆ. ಮಾಡಬಹುದಾದ್ದು, ಮರಿ ಸಾಲನ್ನು ನಿಲ್ಲಿಸುವುದು. ರೋಗ ಬಂದ ಎರಿಗಳನ್ನು ಕತ್ತರಿಸಿ ಸುಡಿ. ರಾಣಿಯನ್ನು ಎರಡು ವಾರ ಪಂಜರದಲ್ಲಿಟ್ಟು ಮೊಟ್ಟೆ ಇಡದಂತೆ ಮಾಡಿ. ಆ ಹೊತ್ತಿಗೆ ನೊಣಗಳು ಕಣಗಳನ್ನು ಶುಚಿ ಮಾಡಿಕೊಳ್ಳುತ್ತವೆ. ಆ ಪೆಟ್ಟಿಗೆ ಮುಟ್ಟಿದ ಕೈ, ಚಾಕು, ಬಟ್ಟೆ ತೊಳೆಯದೆ ಇನ್ನೊಂದನ್ನು ಮುಟ್ಟಬೇಡಿ. ಅದರ ಚೌಕಟ್ಟನ್ನು ಬೇರೆ ಪೆಟ್ಟಿಗೆಗೆ ಕೊಡಬೇಡಿ. ಮುಂದೆ ಪಾಲು ಮಾಡುವಾಗ (ಒಂದು ಕುಟುಂಬವನ್ನು ಎರಡು ಮಾಡುವಾಗ) ರೋಗ ಬಾರದೇ ಉಳಿದ ಕುಟುಂಬದಿಂದಲೇ ಮಾಡಿ. 22 ಪೆಟ್ಟಿಗೆಗಳಲ್ಲಿ ನಾವು ಒಂದೇ ಚಾಕು ಬಳಸುತ್ತಿದ್ದೆವು. ಆಗ ಯಾರಾದರೂ ಇಷ್ಟು ಹೇಳಿದ್ದರೆ ನಾಲ್ಕಾದರೂ ಉಳಿಯುತ್ತಿದ್ದವೋ ಏನೋ.

ನವೆಂಬರ್–ಡಿಸೆಂಬರ್: ಪಾಲು

ಮಳೆ ನಿಂತು ಪರಾಗ ಬರಲು ಶುರುವಾದರೆ ಕುಟುಂಬ ಬೇಗ ಬೆಳೆಯುತ್ತದೆ. ಏಳೂ ಎರಿ ತುಂಬಿ, ಗಂಡು ನೊಣದ ಕಣಗಳು ಕಂಡರೆ ಪಾಲಿಗೆ ತಯಾರಾಗಿದೆ ಎಂದರ್ಥ. ತುಡುವೆಯ ಗಂಡು ಕಣದ ಮುಚ್ಚಳ ಟೋಪಿಯಂತೆ ಉಬ್ಬಿ, ನಡುವೆ ಸೂಜಿ ಮೊನೆಯಷ್ಟು ತೂತು ಇರುತ್ತದೆ. ಅದಾದ ಮೇಲೆ ಎರಿಯ ಕೆಳ ಅಂಚಿನಲ್ಲಿ ರಾಣಿ ಕೋಶಗಳು (ಹೊಸ ರಾಣಿ ಬೆಳೆಯುವ ದೊಡ್ಡ ಕಣಗಳು) ಇಳಿಯುತ್ತವೆ.

ಮೊದಲ ವರ್ಷ ಎರಡರಲ್ಲಿ ಒಂದನ್ನು ಮಾತ್ರ ಪಾಲು ಮಾಡಿ. ಇನ್ನೊಂದು ತುಪ್ಪಕ್ಕೆ ಇರಲಿ. ಹಳೆಯ ರಾಣಿಯನ್ನು ಅರ್ಧ ಎರಿಗಳ ಜೊತೆ ಹೊಸ ಪೆಟ್ಟಿಗೆಗೆ ಹಾಕಿ. ಒಳ್ಳೆಯ ಒಂದೆರಡು ರಾಣಿ ಕೋಶ ಇರುವ ಎರಿಗಳು ಹಳೆಯ ಪೆಟ್ಟಿಗೆಯಲ್ಲಿರಲಿ. ಎರಡನ್ನೂ ಮೊದಲಿನ ಜಾಗದ ಆಚೀಚೆ ಅಕ್ಕಪಕ್ಕ ಇಟ್ಟರೆ ಮೇವಿಗೆ ಹೋದ ನೊಣ ಎರಡಕ್ಕೂ ಹಂಚಿಹೋಗುತ್ತದೆ. ಹೊಸ ರಾಣಿ ಹೊರಬಂದು, ಹಾರಿ, ಮೊಟ್ಟೆ ಇಡಲು ಎರಡು ಮೂರು ವಾರ ಬೇಕು. ಅಲ್ಲಿಯವರೆಗೆ ಬಿಚ್ಚಬೇಡಿ. ಆ ಪೆಟ್ಟಿಗೆಗೆ ರಾಣಿ ಗೇಟ್ ಅಂತೂ ಹಾಕಲೇಬೇಡಿ. ಅವಳು ಗಂಡಿನೊಡನೆ ಕೂಡಲು ಹೊರಗೆ ಹೋಗಲೇಬೇಕು.

ಜನವರಿಯಿಂದ ಏಪ್ರಿಲ್: ತುಪ್ಪ

ಸಂಸಾರ ಕೋಣೆ ತುಂಬಿದ ಮೇಲೆ ಸೂಪರ್ (ತುಪ್ಪ ಶೇಖರಿಸುವ ಮೇಲಿನ ಕೋಣೆ) ಏರಿಸಿ. ಏರಿಸುವ ಮೊದಲೇ ಸಕ್ಕರೆ ಪಾಕ ಕೊಡುವುದನ್ನು ಪೂರ್ತಿ ನಿಲ್ಲಿಸಿರಬೇಕು. ಇಲ್ಲದಿದ್ದರೆ ನೀವು ತೆಗೆಯುವುದು ನೀವೇ ಕೊಟ್ಟ ಸಕ್ಕರೆ.

ಎರಿಯ ಮುಕ್ಕಾಲು ಭಾಗವಾದರೂ ಮೇಣದಿಂದ ಮುಚ್ಚಿರಬೇಕು, ಆಮೇಲೆ ತೆಗೆಯಿರಿ. ನಮ್ಮ ಹವೆಯಲ್ಲಿ ತೇವ ಜಾಸ್ತಿ. ಆಹಾರ ಸುರಕ್ಷತಾ ನಿಯಮದ ಪ್ರಕಾರ ಜೇನುತುಪ್ಪದಲ್ಲಿ ನೀರಿನಂಶ ಶೇಕಡಾ 20 ದಾಟಬಾರದು. ತುಡುವೆಯ ತುಪ್ಪದಲ್ಲಿ ಅದು ಸುಲಭವಾಗಿ ದಾಟುತ್ತದೆ. ಅವಸರದಲ್ಲಿ ತೆಗೆದ ತುಪ್ಪ ಎರಡು ತಿಂಗಳಲ್ಲಿ ನೊರೆ ಬಂದು ಹುಳಿಯಾಗುತ್ತದೆ. ಯಂತ್ರದಲ್ಲಿ ತಿರುಗಿಸಿಯೇ ತೆಗೆಯಿರಿ, ಎರಿ ಹಿಂಡಬೇಡಿ. ಖಾಲಿ ಎರಿಯನ್ನು ವಾಪಸ್ ಕೊಟ್ಟರೆ ನೊಣಕ್ಕೆ ಮತ್ತೆ ಕಟ್ಟುವ ಶ್ರಮ ಇಲ್ಲ.

ರಬ್ಬರಿನ ತುಪ್ಪ ಬೇಗ ಹರಳುಗಟ್ಟುತ್ತದೆ. ಕೊಂಡವರು ಸಕ್ಕರೆ ಹಾಕಿದ್ದೀರಿ ಅನ್ನುತ್ತಾರೆ. ಕೊಡುವಾಗಲೇ ಹೇಳಿಬಿಡಿ. ಬಿಸಿ ನೀರಿನಲ್ಲಿ ಬಾಟಲಿ ಇಟ್ಟರೆ ಕರಗುತ್ತದೆ, ನೇರ ಒಲೆಯ ಮೇಲೆ ಇಡಬಾರದು. ಒಂದು ವರ್ಷದೊಳಗಿನ ಮಗುವಿಗೆ ಜೇನುತುಪ್ಪ ನೆಕ್ಕಿಸಬಾರದು ಎಂದೂ ಹೇಳಿ. ನಮ್ಮಲ್ಲಿ ಆ ಪದ್ಧತಿ ಇದ್ದರೂ ಕೂಸಿನ ಹೊಟ್ಟೆಗೆ ಅದು ಅಪಾಯ.

ಮೊದಲ ವರ್ಷ ಒಂದು ಪೆಟ್ಟಿಗೆಯಿಂದ 5 ಕಿಲೋ ಬಂದರೂ ಒಳ್ಳೆಯ ಬೆಳೆ. ಮನೆ ಖರ್ಚಿಗೆ ಮೀರಿ ಮಾರುವುದಾದರೆ ಆಹಾರ ಸುರಕ್ಷತಾ ಪ್ರಾಧಿಕಾರದ ಎಫ್‌ಎಸ್‌ಎಸ್‌ಎಐ ನೋಂದಣಿ ಮಾಡಿಸಿ. ಪುತ್ತೂರಿನ ದಕ್ಷಿಣ ಕನ್ನಡ ಜೇನು ವ್ಯವಸಾಯಗಾರರ ಸಹಕಾರಿ ಸಂಘ ಈ ಕಡೆಯವರಿಗೆ ಹಳೆಯ ಪರಿಚಯ. ಕೊಡಗಿನವರಿಗೆ ವಿರಾಜಪೇಟೆಯ ಸಂಘ ಇದೆ, ಭಾಗಮಂಡಲದಲ್ಲಿ ತೋಟಗಾರಿಕೆ ಇಲಾಖೆಯ ಜೇನು ಕೃಷಿ ತರಬೇತಿ ಕೇಂದ್ರ ಇದೆ. ಪೆಟ್ಟಿಗೆಗೆ ಇಲಾಖೆಯ ಸಹಾಯಧನ ಆಯಾ ವರ್ಷದ ಅನುದಾನದ ಮೇಲೆ ಇರುತ್ತದೆ, ತಾಲೂಕು ತೋಟಗಾರಿಕೆ ಕಚೇರಿಯಲ್ಲಿ ವರ್ಷದ ಆರಂಭದಲ್ಲೇ ವಿಚಾರಿಸಿ. ಕೇಂದ್ರ ಸರ್ಕಾರ 2021ರಲ್ಲಿ ಶುರು ಮಾಡಿದ ಮಧುಕ್ರಾಂತಿ ಪೋರ್ಟಲ್‌ನಲ್ಲಿ ಜೇನು ಸಾಕುವವರು ಹೆಸರು ನೋಂದಾಯಿಸಬಹುದು. ಹಳಬರಾದರೂ ಒಂದು ತರಬೇತಿಗೆ ಹೋಗಿ ಬನ್ನಿ. ಪಾಠಕ್ಕಿಂತ, ಅಲ್ಲಿ ಪಕ್ಕದ ಊರಿನಲ್ಲಿ ಜೇನು ಇಟ್ಟಿರುವ ನಾಲ್ಕು ಜನ ಸಿಗುತ್ತಾರೆ.

ಏಪ್ರಿಲ್ ಕೊನೆಗೆ ತೆಗೆಯುವುದು ನಿಲ್ಲಿಸಿ. ಪತ್ತನಾಜೆಯವರೆಗೆ (ಮೇ ಕೊನೆಯ ಹೊತ್ತು) ಕಾಯಬೇಡಿ. ಕೊನೆಯಲ್ಲಿ ಬಂದ ತುಪ್ಪ ನೊಣದ್ದು.

ಜೂನ್–ಸೆಪ್ಟೆಂಬರ್: ಇಲ್ಲಿಯೇ ಸೋಲುವುದು

ನಾನು ನೋಡಿದ ನಷ್ಟಗಳಲ್ಲಿ ಹೆಚ್ಚಿನವು ಈ ನಾಲ್ಕು ತಿಂಗಳಲ್ಲಿ ಆದವು. 2012ರ ಜುಲೈಯಲ್ಲಿ ನನ್ನ ಒಂದು ಕುಟುಂಬ ಹೋಯಿತು. ರೋಗ ಇರಲಿಲ್ಲ, ಹಸಿವು. ಅಪ್ಪನ ಕಾಲದಲ್ಲಿ ನಾವು ಮಳೆಗಾಲದಲ್ಲಿ ಏನೂ ಕೊಡುತ್ತಿರಲಿಲ್ಲ. ಆಗ ಗುಡ್ಡದಲ್ಲಿ ಅಷ್ಟಿಷ್ಟು ಹೂ ಇತ್ತು, ಪೆಟ್ಟಿಗೆಯಲ್ಲಿ ತುಪ್ಪವೂ ಉಳಿದಿರುತ್ತಿತ್ತು. ಅದೇ ನೆನಪಿನಲ್ಲಿ ನಾನು ಸುಮ್ಮನಿದ್ದೆ. ಆಟಿ ತಿಂಗಳ ಹೊತ್ತಿಗೆ ಬಿಚ್ಚಿ ನೋಡಿದರೆ ನೊಣಗಳು ಖಾಲಿ ಕಣದೊಳಗೆ ತಲೆ ತೂರಿಸಿ ಸತ್ತಿದ್ದವು. ಆ ದೃಶ್ಯ ಇವತ್ತಿಗೂ ಮರೆತಿಲ್ಲ.

ಹಾಗಾಗಿ ಮೇ ಕೊನೆಗೇ ಸೂಪರ್ ಇಳಿಸಿ. ನೊಣ ಇಲ್ಲದ ಎರಿಗಳನ್ನು ಹೊರತೆಗೆಯಿರಿ. ನಾಲ್ಕು ಎರಿಗೆ ಆಗುವಷ್ಟು ನೊಣ ಇದ್ದರೆ ನಾಲ್ಕೇ ಎರಿ ಇರಲಿ. ನೊಣ ಕಾವಲಿಲ್ಲದ ಎರಿಯೇ ಮೇಣದ ಹುಳುವಿನ ಮನೆ. ತೀರಾ ಕಪ್ಪಾದ ಎರಿಯನ್ನೂ ಈಗಲೇ ಕಳಚಿ, ಮೇಣ ಕರಗಿಸಿ ಇಟ್ಟುಕೊಳ್ಳಿ.

ವಾರಕ್ಕೆ ಒಂದು ಕುಟುಂಬಕ್ಕೆ 200 ಗ್ರಾಂ ಸಕ್ಕರೆ ಲೆಕ್ಕ. ಕುದಿಸಿದ ನೀರಿಗೆ ಅಷ್ಟೇ ತೂಕದ ಸಕ್ಕರೆ ಕರಗಿಸಿ ಆರಿಸಿ. ಬೆಲ್ಲ ಬೇಡ, ನೊಣಕ್ಕೆ ಭೇದಿ ಆಗುತ್ತದೆ. ತೆಂಗಿನ ಗೆರಟೆಯಲ್ಲಿ ಹಾಕಿ, ಮುಳುಗದ ಹಾಗೆ ಒಂದೆರಡು ಕಡ್ಡಿ ತೇಲಿಬಿಟ್ಟು, ಪೆಟ್ಟಿಗೆಯ ಒಳಗೇ ಇಡಿ. ಕೊಡುವುದು ಸಂಜೆ, ಎಲ್ಲ ಪೆಟ್ಟಿಗೆಗೂ ಒಂದೇ ದಿನ. ಹಗಲು ಕೊಟ್ಟರೆ, ಹೊರಗೆ ಒಂದು ಹನಿ ಚೆಲ್ಲಿದರೆ ಗಟ್ಟಿ ಕುಟುಂಬದ ನೊಣ ಬಂದು ಬಡವರ ಪೆಟ್ಟಿಗೆ ದೋಚುತ್ತದೆ.

ಪೆಟ್ಟಿಗೆ ಸ್ವಲ್ಪ ಮುಂದಕ್ಕೆ ವಾಲಿರಲಿ, ನೀರು ಒಳಗೆ ನಿಲ್ಲುವುದಿಲ್ಲ. ಮೇಲೆ ತಗಡಿನ ತುಂಡು, ಅದರ ಮೇಲೆ ಕಲ್ಲು. ಬಾಗಿಲು ಎರಡು ನೊಣ ಹಾಯುವಷ್ಟು ಕಿರಿದು ಮಾಡಿದರೆ ಕಣಜದ ಕಾಟ ತಪ್ಪುತ್ತದೆ. ಅಡಿಕೆಗೆ ಕೊಳೆರೋಗದ ಬೋರ್ಡೋ ದ್ರಾವಣ ಹೊಡೆಯುವ ದಿನ ಪೆಟ್ಟಿಗೆಯ ಮೇಲೆ ಪ್ಲಾಸ್ಟಿಕ್ ಹೊದೆಸಿ, ಕೆಲಸ ಮುಗಿದ ಕೂಡಲೇ ತೆಗೆಯಿರಿ. ಮಳೆ ಬಿಡುವು ಕೊಟ್ಟ ಹೊತ್ತಿನಲ್ಲಿ ಬರೀ ಮುಚ್ಚಳ ಎತ್ತಿ ನೋಡಿ, ಎರಿ ಎತ್ತುವುದು ಬೇಡ. ಪೆಟ್ಟಿಗೆಯ ಹಿಂಬದಿಯನ್ನು ಒಂದು ಕೈಯಲ್ಲಿ ಸ್ವಲ್ಪ ಎತ್ತಿದರೆ ಒಳಗೆ ತುಪ್ಪ ಇದೆಯೋ ಇಲ್ಲವೋ ಎಂದು ಭಾರದಲ್ಲೇ ತಿಳಿಯುತ್ತದೆ. ಈ ಲೆಕ್ಕದಲ್ಲಿ ಮಾತ್ರ ನಿಮ್ಮ ಹಳೆಯ ಕೈಯನ್ನು ಧಾರಾಳವಾಗಿ ನಂಬಿ.

ಸೆಪ್ಟೆಂಬರ್ ಕೊನೆಗೆ ಬಿಸಿಲು ಬಿದ್ದ ಮೊದಲ ಬೆಳಿಗ್ಗೆ ಬಾಗಿಲ ಪಕ್ಕ ಕೂತು ನೋಡಿ. ನೊಣಗಳು ಕಾಲಿನಲ್ಲಿ ಪರಾಗದ ಉಂಡೆ ಹೊತ್ತು ಬರುತ್ತಿದ್ದರೆ ಒಳಗೆ ಮರಿ ಇದೆ. ಒಂದು ವಾರ ಬಿಟ್ಟು ಬಿಚ್ಚಿ, ಮೊಟ್ಟೆ ಕಂಡರೆ ಅಂಚಿನಲ್ಲಿ ಮೇಣದ ಹಾಳೆ ಹಾಕಿದ ಒಂದು ಹೊಸ ಚೌಕಟ್ಟು ಸೇರಿಸಿ. ಎರಡನೇ ವರ್ಷ ಕೊಳ್ಳುವ ಅಗತ್ಯ ಇಲ್ಲ. ಅಟ್ಟದಿಂದ ಇನ್ನೆರಡು ಪೆಟ್ಟಿಗೆ ಇಳಿಸಿ ತೊಳೆದು ಬಿಸಿಲಿಗಿಡಿ. ಡಿಸೆಂಬರಿನ ಪಾಲಿಗೆ ಅವು ಬೇಕಾಗುತ್ತವೆ.